ಕೆರೆ ಗೇಟಿನ ಬೋರ್ಡು ಬರೆಯುವಾಗ ನೀವೂ ಅಲ್ಲಿರಿ



ನಿಮ್ಮೂರ ಕೆರೆ ಏರಿಯ ಮೇಲೋ ಗುಂಡುತೋಪಿನ ನೆರಳಲ್ಲೋ ಯಾವ ಕೆಲಸವೂ ಇಲ್ಲದೆ ಅರ್ಧ ಗಂಟೆ ಕುಳಿತು ಎಷ್ಟು ದಿನವಾಯಿತು? ಹೀಗೆ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ಬೆಳಗಿನ ಜಾವ ಎದ್ದು ಸಗಣಿ ಬಾಚಬೇಕು, ಹಾಲು ಕರೆಯಬೇಕು, ಡೇರಿಗೆ ಹಾಕಿ ಬಂದು ಅಡುಗೆ ಮಾಡಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ಆಮೇಲೆ ಹುಲ್ಲು ತರಬೇಕು. ಮಧ್ಯಾಹ್ನ ಒಂದಿಷ್ಟು ಹೊತ್ತು ಬಿಡುವು ಸಿಕ್ಕಿದರೆ ಸಂಜೆಯ ಹಾಲಿನ ಹೊತ್ತು ಬಂದೇಬಿಡುತ್ತದೆ. ಹೀಗಿರುವಾಗ ಉದ್ಯಾನ, ಮೈದಾನ, ನಡೆದಾಡುವ ದಾರಿ ಎಂಬ ಮಾತೆಲ್ಲ ಪಟ್ಟಣದವರಿಗೆ, ನಮಗಲ್ಲ ಅನ್ನಿಸುವುದು ಸಹಜ.

ಆದರೆ ಒಂದು ಸಂಗತಿ ಗಮನಿಸಿ. ಬೆಂಗಳೂರಿನ ಹೊರವಲಯದಲ್ಲಿ ಅಭಿವೃದ್ಧಿಯಾದ ಎಷ್ಟೋ ಕೆರೆಗಳ ಗೇಟಿನ ಮೇಲೆ ಸಮಯದ ಬೋರ್ಡು ಇರುತ್ತದೆ. ಬೆಳಿಗ್ಗೆ ಎರಡು ಮೂರು ಗಂಟೆ, ಸಂಜೆ ಎರಡು ಮೂರು ಗಂಟೆ, ಉಳಿದ ಹೊತ್ತು ಬೀಗ. ಆ ಬೆಳಗು ಮತ್ತು ಸಂಜೆ ಯಾವ ಹೊತ್ತು? ನೀವು ಹಾಲು ಕರೆದು ಡೇರಿ ಮುಂದೆ ಸಾಲಿನಲ್ಲಿ ನಿಲ್ಲುವ ಹೊತ್ತೇ. ನಿಮಗೆ ಬಿಡುವಿರುವ ಮಧ್ಯಾಹ್ನ, ಹುಲ್ಲಿಗೆ ಹೋಗುವ ಹತ್ತು ಗಂಟೆ, ಆಗ ಕೆರೆಗೆ ಬೀಗ. ಹಸುವಿರುವ ಹೆಂಗಸನ್ನು ಹೊರಗಿಡಬೇಕೆಂದು ಯಾರೂ ಹಟದಿಂದ ಹೀಗೆ ಬರೆದಿರಲಾರರು. ಬೋರ್ಡು ಬರೆಯುವ ದಿನ ಅಲ್ಲಿ ಕುಳಿತಿದ್ದವರಿಗೆ ಅವರ ದಿನಚರಿ ಗೊತ್ತಿತ್ತು, ನಿಮ್ಮದು ಗೊತ್ತಿರಲಿಲ್ಲ. ನೀವು ಆ ಸಭೆಯಲ್ಲಿ ಇರಲಿಲ್ಲ, ಅಷ್ಟೇ.

ಈ ಲೇಖನದಲ್ಲಿ ಹೇಳಬೇಕಾದದ್ದು ಇಷ್ಟೇ. ಪಾಳು ಬಿದ್ದ ಕೆರೆ, ಮೈದಾನ, ತೋಪುಗಳನ್ನು ಊರವರೇ ಸೇರಿ ಮತ್ತೆ ಎಬ್ಬಿಸುವ ಕೆಲಸ ನಮ್ಮ ಸುತ್ತ ನಡೆಯುತ್ತಿದೆ. ಅದರಲ್ಲಿ ಹಾಲು ಸಂಘದ ಹೆಂಗಸರು ಮೊದಲ ದಿನದಿಂದಲೇ ಇರಬೇಕು. ಕೊನೆಗೆ ಉದ್ಘಾಟನೆಗೆ ಕರೆದಾಗ ಹೋಗಿ ಚಪ್ಪಾಳೆ ತಟ್ಟಿದರೆ ಸಾಲದು.

ಕೈಬಿಟ್ಟದ್ದು ಹೇಗೆ

ನಮ್ಮ ಊರುಗಳಿಗೆ ಇಂಥ ಜಾಗ ಹೊಸದಲ್ಲ. ಕೆರೆ, ಕೆರೆ ಏರಿ, ಗುಂಡುತೋಪು, ಗೋಮಾಳ, ಅರಳಿಕಟ್ಟೆ ಎಲ್ಲವೂ ದುಡಿಮೆಯ ಜಾಗವೂ ಹೌದು, ಬಿಡುವಿನ ಜಾಗವೂ ಹೌದು. ದನ ಮೇಯಿಸುತ್ತಲೇ ಮಾತು ನಡೆಯುತ್ತಿತ್ತು, ಬಟ್ಟೆ ಒಗೆಯುತ್ತಲೇ ಹಾಡು ಬರುತ್ತಿತ್ತು. ಮಕ್ಕಳು ಬತ್ತಿದ ಕೆರೆಯಂಗಳದಲ್ಲಿ ಆಡುತ್ತಿದ್ದರು. ಕೆರೆಗೆ ನೀರುಗಂಟಿ ಇದ್ದ, ತೂಬು ಎತ್ತುವುದು, ನೀರು ಹಂಚುವುದು ಅವನ ಕೆಲಸ. ಹೂಳು ತೆಗೆಯುವುದು ಊರ ಕೆಲಸ.

ಆಮೇಲೆ ಕೊಳವೆ ಬಾವಿ ಬಂತು, ನಲ್ಲಿ ಬಂತು, ಜಮೀನಿಗೆ ಬೆಲೆ ಬಂತು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದವು. ವೈಟ್‌ಫೀಲ್ಡ್ ಸುತ್ತ ಹೊಲಗಳಿದ್ದ ಕಡೆ ಕಚೇರಿಗಳು, ಅಪಾರ್ಟ್‌ಮೆಂಟುಗಳು ಬಂದವು. 2007ರಲ್ಲಿ ಬಿಬಿಎಂಪಿ ಆದಾಗ 110 ಹಳ್ಳಿಗಳು ಒಂದೇ ಸಲ ನಗರಕ್ಕೆ ಸೇರಿಹೋದವು. ಕೆರೆಯ ನೀರು ಯಾರಿಗೂ ಬೇಡವಾಯಿತು. ಬೇಡವಾದ ಕೆರೆಗೆ ಕೊಳಚೆ ಬಂತು, ಕಟ್ಟಡದ ಮಣ್ಣು ಬಂತು, ಒತ್ತುವರಿ ಬಂತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, 2015, 2017 ಮತ್ತು 2018ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ.

ಕೆರೆ ಹಾಳಾದಾಗ ಪಟ್ಟಣದವರಿಗೆ ಹೋದದ್ದು ಒಳ್ಳೆಯ ಗಾಳಿ ಮತ್ತು ನೋಟ. ನಿಮಗೆ ಹೋದದ್ದು ಹಸುವಿನ ಕುಡಿಯುವ ನೀರು, ಹಸಿ ಮೇವು, ಮೈ ತೊಳೆಯುವ ಜಾಗ, ಮಕ್ಕಳ ಆಟದ ಬಯಲು, ಕೊನೆಗೆ ಕೂತು ಮಾತಾಡುವ ಏರಿಯೂ ಸಹ. ಒಂದು ಸೀಮೆ ಹಸುವಿಗೆ ದಿನಕ್ಕೆ 25ರಿಂದ 30 ಕೆ.ಜಿ. ಹಸಿ ಮೇವು ಬೇಕು. ಅದನ್ನು ಈಗ ದುಡ್ಡು ಕೊಟ್ಟು ತರುವವರಿಗೆ ಲೀಟರಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ನಾವು ಹೇಳಬೇಕಾಗಿಲ್ಲ.

ಕೊಟ್ಟವರು ಹೋದರೆ

ಊರಿನ ಆಟದ ಜಾಗ, ಬಿಡುವಿನ ಜಾಗ ಯಾರ ಕೈಯಲ್ಲಿ ಇರಬೇಕು ಎಂಬುದನ್ನು ತಿಳಿಯಲು ಪಕ್ಕದ ಕೋಲಾರ ಜಿಲ್ಲೆಯ ಕೆ.ಜಿ.ಎಫ್. ನೋಡಿದರೆ ಸಾಕು. 1880ರಿಂದ ಅಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. 1885ರಲ್ಲಿ ಕ್ಲಬ್ ಆಯಿತು, ಗಾಲ್ಫ್ ಮೈದಾನ ಆಯಿತು. ಆಸ್ಪತ್ರೆ, ಶಾಲೆ, ಆಟದ ಬಯಲು ಎಲ್ಲವನ್ನೂ ಕಂಪನಿಯೇ ಕಟ್ಟಿ ಕಂಪನಿಯೇ ನೋಡಿಕೊಂಡಿತು. ಕ್ಲಬ್ಬು ದೊರೆಗಳಿಗೆ, ಭೂಮಿಯೊಳಗೆ ಇಳಿದು ದುಡಿದವರಿಗೆ ಸಾಲು ಮನೆಗಳ ಒಂದು ಕೋಣೆ. 1956ರಲ್ಲಿ ಗಣಿ ಸರ್ಕಾರಕ್ಕೆ ಬಂತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು.

ಗಣಿ ಮುಚ್ಚಿದ ದಿನ ಸಂಬಳ ಮಾತ್ರ ನಿಂತದ್ದಲ್ಲ. ಕಂಪನಿಯ ದುಡ್ಡಿನಲ್ಲಿ ನಡೆಯುತ್ತಿದ್ದ ಊರಿನ ಸೌಲಭ್ಯಗಳಿಗೂ ಯಜಮಾನ ಇಲ್ಲದಂತಾಯಿತು. ಎಷ್ಟೋ ಕಟ್ಟಡಗಳಿಗೆ ಗಿಡ ಹಬ್ಬಿತು. ದುಡಿಯುವ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದು ರಾತ್ರಿ ಮನೆ ಸೇರುವ ಬದುಕು ಹಿಡಿದರು. ನಮ್ಮ ಕಡೆಯ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ಕೆ.ಜಿ.ಎಫ್. ಮಂದಿ ನಿಮಗೂ ಪರಿಚಯವಿರಬಹುದು. ಕಂಪನಿ ಕೊಟ್ಟದ್ದು ಕಂಪನಿಯ ಜೊತೆಗೇ ಹೋಗುತ್ತದೆ ಎಂಬ ಪಾಠವನ್ನು ಅವರು ಬದುಕಿಯೇ ಕಲಿತರು.

ಬೇರೆ ರೀತಿಯ ಗಣಿ ಊರುಗಳೂ ಇವೆ. ಇಂಗ್ಲೆಂಡಿಗೆ ತಾಗಿರುವ ವೇಲ್ಸ್ ಎಂಬ ನಾಡಿನಲ್ಲಿ ಕಲ್ಲಿದ್ದಲು ಗಣಿಯ ಕೂಲಿಕಾರರು ತಮ್ಮ ಕೂಲಿಯಿಂದ ಬಿಡಿಗಾಸು ಬಿಟ್ಟುಕೊಟ್ಟು ಊರೂರಿಗೆ ಸಭಾಂಗಣ, ವಾಚನಾಲಯ ಕಟ್ಟಿಕೊಂಡರು. ಟ್ರಿಯಾರ್ಕಿ ಎಂಬ ಊರಿನ ಪಾರ್ಕ್ ಅಂಡ್ ಡೇರ್ ಸಭಾಂಗಣ ಅಂಥದ್ದು. ಪಾರ್ಕ್, ಡೇರ್ ಎಂಬುವು ಅಲ್ಲಿನ ಎರಡು ಗಣಿಗಳ ಹೆಸರು. 1913ರಲ್ಲಿ ಅದಕ್ಕೆ ರಂಗಮಂದಿರ ಸೇರಿತು. ಗಣಿಗಳು ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಅಲ್ಲಿ ನಾಟಕ, ಹಾಡು, ಸಿನಿಮಾ ನಡೆಯಿತು. ನಿರ್ವಹಣೆಯನ್ನು ಮುಂದೆ ಸ್ಥಳೀಯ ಆಡಳಿತ ವಹಿಸಿಕೊಂಡಿತು. ಆದರೆ ಇದು ನಮ್ಮ ಅಜ್ಜಂದಿರ ಕೂಲಿ ಹಣದ್ದು ಎಂಬ ಅಭಿಮಾನ ಊರಿಗೆ ಇದ್ದುದರಿಂದಲೇ ಅಂಥ ಜಾಗ ಬೀಳದೆ ನಿಲ್ಲುತ್ತದೆ.

ಕೂಲಿಯಲ್ಲಿ ಕಾಸು ಬಿಡುವ ಆ ರೀತಿ ನಿಮಗೆ ಹೊಸದಾಗಿ ಕೇಳಿಸುತ್ತದೆಯೇ? ನಮ್ಮ ಹಾಲು ಸಂಘಗಳು ನಡೆಯುತ್ತಿರುವುದೂ ಹಾಗೆಯೇ. ಲೀಟರಿನ ಮೇಲಿನ ಪೈಸೆಯಿಂದಲೇ ಸಂಘದ ಕಟ್ಟಡ ಎದ್ದಿದೆ, ಕಾರ್ಯದರ್ಶಿ, ಹಾಲು ಪರೀಕ್ಷಕರ ಸಂಬಳ ನಡೆದಿದೆ. ಹನಿಗೂಡಿದರೆ ಹಳ್ಳ ಎಂಬುದು ನಮಗೆ ಗಾದೆಯಷ್ಟೇ ಅಲ್ಲ, ದಿನದ ಲೆಕ್ಕ.

ಕೈಕೊಂಡ್ರಹಳ್ಳಿಯಲ್ಲಿ ಆದದ್ದು

ಈಗ ನಮ್ಮ ಪಕ್ಕದ ಉದಾಹರಣೆಗೆ ಬರೋಣ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸುಮಾರು 48 ಎಕರೆ. ಇಪ್ಪತ್ತು ವರ್ಷದ ಹಿಂದೆ ಅದು ಒಣಗಿ, ಕೊಳಚೆ ಸೇರಿ, ಕಸ ಸುರಿಯುವ ಜಾಗವಾಗಿತ್ತು. 2008ರ ಹೊತ್ತಿಗೆ ಸುತ್ತಲಿನ ನಿವಾಸಿಗಳು ಒಟ್ಟಾದರು. ಹಳ್ಳಿಯ ಹಳಬರನ್ನು ಮಾತಾಡಿಸಿದರು. ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು, ಕೋಡಿ ಯಾವ ಕಡೆ ಹರಿಯುತ್ತಿತ್ತು ಎಂದು ಕೇಳಿ ತಿಳಿದರು. ಬಿಬಿಎಂಪಿ ಎಂಜಿನಿಯರುಗಳ ಜೊತೆ ಕುಳಿತು ನಕ್ಷೆ ನೋಡಿದರು. ಕೊಳಚೆಯನ್ನು ಬೇರೆ ಕಡೆ ತಿರುಗಿಸಿ, ಹೂಳೆತ್ತಿ, ಏರಿ ಸರಿಮಾಡಿ, ಸುತ್ತ ನಡೆದಾಡುವ ದಾರಿ ಮಾಡಿದರು. ನಿರ್ವಹಣೆಗೆ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಟ್ರಸ್ಟ್ ಆಯಿತು. ಮ್ಯಾಪ್ಸಾಸ್ ಎಂದರೆ ಅದೇ. ಬೇಲಿಗೆ ಹೊಂದಿಕೊಂಡೇ ಸರ್ಕಾರಿ ಶಾಲೆ ಇದೆ. ಹಕ್ಕಿಗಳು ಮರಳಿ ಬಂದವು, ಕೆರೆ ಹಬ್ಬ ನಡೆಯಿತು.

ನಮಗೆ ಮುಖ್ಯವಾದ ಮಾತು ಮುಂದಿದೆ. ಅಲ್ಲಿ ಹಸು ಸಾಕುವವರನ್ನು ಪೂರ್ತಿ ಹೊರಗೆ ಹಾಕಲಿಲ್ಲ. ಕೆರೆಯಂಗಳದ ಹುಲ್ಲನ್ನು ಸುತ್ತಲಿನವರು ಕೊಯ್ದುಕೊಂಡು ಹೋಗಲು ಅವಕಾಶ ಇಟ್ಟರು. ಹುಲ್ಲು ಕೊಯ್ದರೆ ಹಸುವಿಗೆ ಮೇವು, ಕೆರೆಗೂ ಶುಚಿ; ಕಳೆ ತೆಗೆಸಲು ಕೂಲಿ ಕೊಡುವುದೂ ಉಳಿಯುತ್ತದೆ. ಈ ಲೆಕ್ಕ ಯಾರಿಗಾದರೂ ಅರ್ಥವಾಗುತ್ತದೆ, ಎದುರು ಕೂತು ಹೇಳುವವರು ಬೇಕು ಅಷ್ಟೇ.

ಎಲ್ಲ ಕಡೆ ಹೀಗಾಗಿಲ್ಲ. 2002ರಲ್ಲಿ ಶುರುವಾದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ 15 ವರ್ಷದ ಗುತ್ತಿಗೆಗೆ ಕೊಟ್ಟಿತು. ಬೇಲಿ ಬಂತು, ಟಿಕೆಟ್ಟು ಬಂತು. ದನ ಕಟ್ಟುತ್ತಿದ್ದವರಿಗೂ ಮೀನು ಹಿಡಿಯುತ್ತಿದ್ದವರಿಗೂ ದಾರಿ ತಪ್ಪಿತು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಇದನ್ನು ಹೈಕೋರ್ಟಿಗೆ ಒಯ್ಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು. 2012ರಲ್ಲಿ ಕೋರ್ಟು ಕೆರೆಗಳನ್ನು ಕಾಯಲು ಜಿಲ್ಲಾ ಮಟ್ಟದ ಸಮಿತಿಗಳು ಆಗಬೇಕೆಂದಿತು. ಕೆರೆ ಊರಿಗೆಲ್ಲ ಸೇರಿದ್ದು, ಒಬ್ಬರ ಆಸ್ತಿಯಲ್ಲ ಎಂಬ ಮಾತಿಗೆ ಆಗ ಬಲ ಬಂತು.

ಕಂಪನಿ ಹಣ ಬೇಕು, ಹಣ ಕೊಟ್ಟವರೇ ಯಜಮಾನರಾಗಬಾರದು

ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿ ಕೆರೆಯ ಸುದ್ದಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 36 ಎಕರೆಯ ಆ ಕೆರೆಯನ್ನು 2017ರಲ್ಲಿ ಎಂಜಿನಿಯರ್ ಆನಂದ್ ಮಲ್ಲಿಗವಾಡ್ ಮುಂದೆ ನಿಂತು ಹೂಳೆತ್ತಿಸಿದರು. ಸನ್ಸೇರಾ ಫೌಂಡೇಶನ್ ಒಂದು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿತು. ತೆಗೆದ ಮಣ್ಣಿನಲ್ಲೇ ಕೆರೆಯೊಳಗೆ ಹಕ್ಕಿಗಳಿಗೆ ದಿಬ್ಬ ಮಾಡಿದರು. ಒಣಗಿದ್ದ ಕೆರೆಯಲ್ಲಿ ಆ ಮಳೆಗಾಲ ನೀರು ನಿಂತಿತು. ಇಂಥ ಕೆಲಸಕ್ಕೆ ಜೆಸಿಬಿ ಬೇಕು, ಟಿಪ್ಪರ್ ಬೇಕು, ಡೀಸೆಲ್ ಬೇಕು. ಅಷ್ಟು ಹಣ ನಮ್ಮ ಸಂಘದಲ್ಲಿ ಎಲ್ಲಿಂದ ಬರಬೇಕು? ಕೈಗಾರಿಕೆಗಳ ಸಾಮಾಜಿಕ ಹೊಣೆಯ ಹಣ ಬಂದರೆ ಸಂತೋಷವಾಗಿ ಪಡೆಯೋಣ.

ಪಡೆಯುವಾಗಲೇ ಒಂದು ಪ್ರಶ್ನೆ ಕೇಳೋಣ: ನಾಲ್ಕನೇ ವರ್ಷ ಯಾರು ನೋಡುತ್ತಾರೆ? ಕಂಪನಿಯ ಹಣ ಹೂಳೆತ್ತುವುದಕ್ಕೆ ಬರುತ್ತದೆ, ಬೋರ್ಡು ಹಾಕುವುದಕ್ಕೂ ಬರುತ್ತದೆ. ಮುರಿದ ಬೇಲಿ, ಒಡೆದ ಕಾಲುವೆ, ಕಟ್ಟಿಕೊಂಡ ತೂಬು ನೋಡಲು ಯಾರೂ ವರ್ಷ ವರ್ಷ ಹಣ ಕಳಿಸುವುದಿಲ್ಲ. ಕಂಪನಿ ಜಾಗ ಬದಲಿಸಬಹುದು, ಅಧಿಕಾರಿ ವರ್ಗವಾಗಬಹುದು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆಗಳು ಬಂದವು. 2020ರಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದ ನಂತರ ಕೆರೆ ನಿರ್ವಹಣೆಗೆ ಬಿಬಿಎಂಪಿ ಮಾಡಿಕೊಂಡಿದ್ದ ಒಪ್ಪಂದಗಳೂ ತಡೆಯಾದವು. ಕಚೇರಿಯ ಹೆಸರು ಬದಲಾಗುತ್ತದೆ, ಕಾಗದ ಬದಲಾಗುತ್ತದೆ. ಎಲ್ಲಿಗೂ ಹೋಗದೆ ಆ ಕೆರೆ ಪಕ್ಕದಲ್ಲೇ ಉಳಿಯುವವರು ಯಾರು? ಅಲ್ಲೇ ಹಸು ಕಟ್ಟಿಕೊಂಡಿರುವ ನೀವು. ಅದಕ್ಕೇ ನಿಮ್ಮ ಮಾತು ಮೊದಲು ಕೇಳಬೇಕು.

ಇದು ಬರಿಯ ಅಭಿಮಾನದ ಮಾತಲ್ಲ. ಅಮೆರಿಕದ ಎಲಿನಾರ್ ಆಸ್ಟ್ರಮ್ ಎಂಬ ವಿದ್ವಾಂಸೆ ಜೀವನವಿಡೀ ಗೋಮಾಳ, ಕಾಡು, ನೀರಿನ ಕಾಲುವೆಯಂಥ ಊರೊಟ್ಟಿನ ಸ್ವತ್ತುಗಳನ್ನು ಜನ ಹೇಗೆ ಕಾಯುತ್ತಾರೆಂದು ನೋಡಿದರು. ಬಳಸುವವರೇ ಸೇರಿ ನಿಯಮ ಮಾಡಿಕೊಂಡು, ತಾವೇ ಕಾವಲು ಕಾದರೆ ಅಂಥ ಸ್ವತ್ತು ಬಹುಕಾಲ ಬಾಳುತ್ತದೆ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರು. ಅವರೂ ಬೆಂಗಳೂರಿನ ಹರಿಣಿ ನಾಗೇಂದ್ರ ಅವರೂ ಸೇರಿ ನಮ್ಮದೇ ನಗರದ ಏಳು ಕೆರೆಗಳ ಬಗ್ಗೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ದೊಡ್ಡ ಓದಿನವರು ಹುಡುಕಿ ಹೇಳಿದ್ದು ನಮ್ಮ ಡೇರಿಯಲ್ಲಿ ದಿನವೂ ನಡೆಯುವುದನ್ನೇ: ಹಾಲು ಹಾಕುವವರೇ ಸದಸ್ಯರು, ಸದಸ್ಯರೇ ಆಡಳಿತ ಮಂಡಳಿ ಆರಿಸುತ್ತಾರೆ, ಲೆಕ್ಕ ಎಲ್ಲರೆದುರು ಓದುತ್ತಾರೆ.

ನಿಮಗೆ ಈಗಾಗಲೇ ಬರುವ ವಿದ್ಯೆ

ಸ್ಟೆಪ್ ಯೋಜನೆಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳು ಆಗತೊಡಗಿದಾಗ ಹೆಂಗಸರು ಲೆಕ್ಕ ಇಡುತ್ತಾರೆಯೇ, ಸಭೆ ನಡೆಸುತ್ತಾರೆಯೇ ಎಂದು ಮೂಗು ಮುರಿದವರಿದ್ದರು. ಇವತ್ತು ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ಲೆಕ್ಕ ಹಾಕುವವರೂ ನೀವೇ, ಬಟವಾಡೆ ಮಾಡುವವರೂ ನೀವೇ, ಹಾಲಿಗೆ ನೀರು ಬೆರೆಸಿದವರನ್ನು ಮುಖ ನೋಡದೆ ಹಿಂದೆ ಕಳಿಸುವವರೂ ನೀವೇ. ಕೆರೆ ಸಮಿತಿಗೆ ಬೇಕಾದದ್ದು ಇದಕ್ಕಿಂತ ಹೆಚ್ಚೇನಲ್ಲ. ಸದಸ್ಯರ ಪಟ್ಟಿ, ಸಭೆಯ ನಡಾವಳಿ, ರಸೀದಿ, ತಪ್ಪು ಮಾಡಿದವರಿಗೆ ದಂಡ. ಊರಲ್ಲಿ ಈ ಅಭ್ಯಾಸ ದಿನಕ್ಕೆ ಎರಡು ಸಲ ಇರುವ ಸಂಸ್ಥೆ ಹಾಲಿನ ಡೇರಿಯಷ್ಟು ಮತ್ತೊಂದಿಲ್ಲ.

ಹಾಗಾದರೆ ಕೆರೆಯೋ ಮೈದಾನವೋ ಸರಿಮಾಡುವ ಮಾತು ಬಂದಾಗ ಏನು ಕೇಳಬೇಕು? ಕೆಲವನ್ನು ಇಲ್ಲಿ ಹೇಳುತ್ತೇವೆ, ನಿಮ್ಮೂರಿಗೆ ತಕ್ಕಂತೆ ಸೇರಿಸಿಕೊಳ್ಳಿ.

ಮೊದಲನೆಯದು, ಸಮಿತಿಯಲ್ಲಿ ಜಾಗ. ಹಸು ಇರುವ ಮನೆಗಳಿಂದ ಕಡಿಮೆಯೆಂದರೆ ಇಬ್ಬರು ಹೆಂಗಸರು ಇರಲಿ. ಒಬ್ಬರೇ ಇದ್ದರೆ ಮಾತು ಬಾಯಲ್ಲೇ ಉಳಿಯುತ್ತದೆ, ಇಬ್ಬರಿದ್ದರೆ ಒಬ್ಬರಿಗೊಬ್ಬರು ಧೈರ್ಯ.

ಎರಡನೆಯದು, ಗೇಟಿನ ಸಮಯ. ಮಧ್ಯಾಹ್ನವೂ ತೆರೆದಿರಲಿ. ಕಾವಲುಗಾರರ ಸಂಬಳದ ಪ್ರಶ್ನೆ ಬರುತ್ತದೆ. ವಾರದಲ್ಲಿ ಇಷ್ಟು ದಿನ ನಮ್ಮ ಸಂಘದವರು ನಿಗಾ ಇಡುತ್ತೇವೆ ಎಂದು ಹೇಳಲು ನೀವು ಸಿದ್ಧರಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೂರನೆಯದು, ಹುಲ್ಲು. ಯಾವ ಭಾಗದಲ್ಲಿ, ಯಾವ ದಿನ, ಯಾರು ಕೊಯ್ಯಬೇಕು ಎಂಬ ಸರದಿ ಪಟ್ಟಿ ಬರೆದು ಹಾಕಿಸಿ. ಬಾಯಿ ಮಾತಿನ ಅನುಮತಿ ಅಧಿಕಾರಿ ಬದಲಾದ ದಿನ ಹೋಗುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ.

ನಾಲ್ಕನೆಯದು, ನೀರು ಎಂಥದ್ದು ಎಂಬ ಪರೀಕ್ಷೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಖಾನೆಯ ನೀರು ಸೇರುವ ಕಡೆ, ಪೀಣ್ಯ ಸುತ್ತಿನ ಲೋಹಲೇಪನ ಘಟಕಗಳಂಥವು ಇರುವ ಕಡೆ, ಹುಲ್ಲು ಎಷ್ಟೇ ಹಚ್ಚಗಿದ್ದರೂ ಹಸುವಿಗೆ ಹಾಕುವಂತಿಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹ ಮೇವಿನಿಂದ ಹಾಲಿಗೂ ಇಳಿಯುತ್ತದೆ. ಆ ಹಾಲು ಮೊದಲು ಕುಡಿಯುವುದು ನಮ್ಮ ಮನೆಯ ಮಕ್ಕಳೇ. ಜಕ್ಕೂರು ಕೆರೆಯಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆ ಶುದ್ಧ ಮಾಡುವ ಘಟಕ ಇದೆ. ಅಲ್ಲಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಮತ್ತಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಅಂಥ ಏರ್ಪಾಡು ನಮ್ಮಲ್ಲೂ ಆಗಲಿ ಎಂದು ಕೇಳುವ ಹಕ್ಕು ನಿಮಗಿದೆ. ಪರೀಕ್ಷೆ ಆಗುವವರೆಗೆ ಆ ಹುಲ್ಲು ಬೇಡ ಎನ್ನುವ ಗಟ್ಟಿತನವೂ ಬೇಕು.

ಐದನೆಯದು, ಮಕ್ಕಳ ಬಯಲು. ಕೆರೆ ಸುತ್ತ ಕಲ್ಲು ಹಾಸಿ ಹೂಗಿಡ ನೆಟ್ಟ ಮೇಲೆ ಕಬಡ್ಡಿ ಆಡಲು ಒಂದು ಚೂರು ಮಣ್ಣಿನ ನೆಲವೂ ಇಲ್ಲದಂತೆ ಆಗುತ್ತದೆ. ಹೆಣ್ಣುಮಕ್ಕಳು ಆಡುವ ಜಾಗ, ಹೆಂಗಸರಿಗೆ ಶೌಚಾಲಯ, ಒಂದು ದೀಪ, ಕೂರಲು ಕಟ್ಟೆ. ಇವು ಐಷಾರಾಮಿ ಅಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಇರುವವರು ಇದನ್ನು ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಬರೆಸಿ. ಉದ್ಯೋಗ ಖಾತ್ರಿಯಲ್ಲಿ ಆಟದ ಮೈದಾನ ಮಾಡಿಸಿಕೊಂಡ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಇವೆ.

ಕೊನೆಯದು, ಲೆಕ್ಕ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಗೇಟಿನ ಪಕ್ಕದಲ್ಲೇ ಬರೆದು ಹಾಕಲಿ. ಡೇರಿಯಲ್ಲಿ ಪಟ್ಟಿ ತೂಗು ಹಾಕುವ ಹಾಗೆ.

ಅಡ್ಡ ಮಾತುಗಳಿಗೆ

ನಮಗೆ ಪುರುಸೊತ್ತೆಲ್ಲಿ ಎನ್ನುವ ಮಾತು ನಿಜ. ಅದಕ್ಕೇ ಎಲ್ಲರೂ ಹೋಗಬೇಕಾಗಿಲ್ಲ, ಸಂಘದಿಂದ ಇಬ್ಬರನ್ನು ಕಳಿಸಿ. ಅವರು ಸಭೆಗೆ ಹೋದ ದಿನ ಅವರ ಹಸುವಿನ ಹಾಲು ಕರೆಯುವ, ಕ್ಯಾನು ಒಯ್ಯುವ ಕೆಲಸ ಉಳಿದವರು ಹಂಚಿಕೊಳ್ಳಿ. ಬಾಣಂತನ, ಮದುವೆಗಳಲ್ಲಿ ನಾವು ಹೀಗೆ ಮಾಡುವುದಿಲ್ಲವೇ? ಸಭೆ ಬೆಳಿಗ್ಗೆ ಏಳಕ್ಕೆ ಇಟ್ಟರೆ ಬರಲಾಗುವುದಿಲ್ಲ, ಹನ್ನೊಂದಕ್ಕೆ ಇಡಿ ಎಂದು ಮೊದಲೇ ಹೇಳಿ. ನಿಮ್ಮ ಮೊದಲ ಗೆಲುವು ಅದೇ ಆಗಿರಲಿ.

ಇದು ಗಂಡಸರ ವಿಷಯ, ಪಂಚಾಯಿತಿ ವಿಷಯ ಎನ್ನುವವರಿಗೆ ಒಂದೇ ಪ್ರಶ್ನೆ ಕೇಳಿ: ಹುಲ್ಲಿನ ಹೊರೆ ಯಾರ ತಲೆ ಮೇಲೆ ಬರುತ್ತದೆ?

ಅಪಾರ್ಟ್‌ಮೆಂಟಿನವರು ನಮ್ಮನ್ನು ಹತ್ತಿರ ಬಿಡುವುದಿಲ್ಲ ಎಂಬ ಅನುಮಾನವೂ ಇದೆ. ಹಸು ಬಂದರೆ ಸಗಣಿ, ನಡೆಯುವ ದಾರಿ ಗಲೀಜು ಎಂದು ಹೇಳುವವರು ಇದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಮುದುಕರು, ಮಕ್ಕಳು ಜಾರಿ ಬೀಳಬಹುದು. ಹಸುವನ್ನು ಒಳಗೆ ಬಿಡುವುದು ಬೇಡ, ಹುಲ್ಲು ಕೊಯ್ದು ತರುತ್ತೇವೆ, ನೀರಿಗೆ ಹೊರಗೊಂದು ತೊಟ್ಟಿ ಕಟ್ಟಿಸಿಕೊಡಿ ಎಂದರೆ ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಸಿಗುತ್ತದೆ. ಒಂದು ಮಾತು ಒಪ್ಪಿಕೊಳ್ಳೋಣ: ಕೈಕೊಂಡ್ರಹಳ್ಳಿಯಂಥ ಕಡೆ ಕಚೇರಿ ಕೆಲಸದವರು ಬಿಡದೆ ಅಧಿಕಾರಿಗಳ ಹಿಂದೆ ಬೀಳದಿದ್ದರೆ ಕೆರೆ ಉಳಿಯುತ್ತಿರಲಿಲ್ಲ. ಅವರಿಗೆ ಕಾಗದ ಪತ್ರದ ದಾರಿ ಗೊತ್ತು, ನಿಮಗೆ ನೆಲದ ದಾರಿ ಗೊತ್ತು. ಅವರ ಮನೆಯ ಬೆಳಗಿನ ಕಾಫಿಗೆ ಬೀಳುವ ನಂದಿನಿ ಹಾಲು ನಿಮ್ಮಂಥವರ ಕೊಟ್ಟಿಗೆಯಿಂದಲೇ ಹೋಗುತ್ತದೆ ಎಂಬುದನ್ನು ಅವರಿಗೆ ಹೇಳಿ. ಎಷ್ಟೋ ಜನಕ್ಕೆ ತಮ್ಮ ಗೋಡೆಯ ಆಚೆ ಹಸು ಇದೆ ಎಂಬುದೇ ಗೊತ್ತಿರುವುದಿಲ್ಲ.

ಇನ್ನು ಕೆಲವರು ಹೇಳುತ್ತಾರೆ, ಇನ್ನೆಷ್ಟು ವರ್ಷ ಈ ಕಡೆ ಹಸು ಇರುತ್ತವೆ, ಜಮೀನೇ ಉಳಿಯುತ್ತಿಲ್ಲ ಎಂದು. ಇರಬಹುದು. ಆದರೆ ಹಸು ಕಡಿಮೆಯಾಗಲು ಒಂದು ಕಾರಣ ಊರೊಟ್ಟಿನ ಮೇವು, ನೀರು ಕೈತಪ್ಪಿದ್ದೇ ಅಲ್ಲವೇ? ಸ್ವಂತ ಜಮೀನು ಇಲ್ಲದ, ಎರಡು ಹಸುವಿನಲ್ಲೇ ಮನೆ ನಡೆಸುವ ಹೆಂಗಸಿಗೆ ಕೆರೆಯಂಗಳದ ಹುಲ್ಲೇ ಹೊಲ. ಅದು ಹೋದರೆ ಅವಳು ಹಸು ಮಾರುತ್ತಾಳೆ, ಅವಳ ಹೆಸರು ಸಂಘದ ಪಟ್ಟಿಯಿಂದ ಹೋಗುತ್ತದೆ. ಇಂಥ ಒಂದೊಂದು ಹೆಸರು ಹೋದ ಹಾಗೂ ಸಂಘವೇ ಸಣ್ಣದಾಗುತ್ತದೆ. ಹಾಗಾಗಿ ಕೆರೆಯ ಮಾತು ಸಂಘದ ಉಳಿವಿನ ಮಾತೂ ಹೌದು.

ಈ ವರ್ಷದ ಮಹಾಸಭೆಗೆ

ಸೆಪ್ಟೆಂಬರಿನ ಹೊತ್ತಿಗೆ ಎಲ್ಲ ಸಂಘಗಳಲ್ಲೂ ವಾರ್ಷಿಕ ಮಹಾಸಭೆ ನಡೆಯುತ್ತದೆ. ಜಮಾ ಖರ್ಚು ಓದುತ್ತಾರೆ, ಬೋನಸ್ ಮಾತು ಬರುತ್ತದೆ, ಊಟ ಆಗುತ್ತದೆ. ಈ ಸಲ ಒಂದು ವಿಷಯ ಹೆಚ್ಚಿಗೆ ಸೇರಿಸಿ. ನಮ್ಮೂರಿನ ಕೆರೆ, ತೋಪು, ಮೈದಾನ ಯಾವ ಸ್ಥಿತಿಯಲ್ಲಿದೆ, ಯಾರ ಸುಪರ್ದಿಯಲ್ಲಿದೆ ಎಂದು ಕೇಳಿ. ಪಂಚಾಯಿತಿಯದೋ, ಸಣ್ಣ ನೀರಾವರಿಯದೋ, ಪಾಲಿಕೆಯದೋ ಎಂಬುದು ತಿಳಿದರೆ ಅರ್ಜಿ ಯಾರಿಗೆ ಕೊಡಬೇಕೆಂಬುದೂ ತಿಳಿಯುತ್ತದೆ. ಲಾಭದಲ್ಲಿ ಊರಿನ ಒಳಿತಿಗೆ ಎಷ್ಟು ತೆಗೆದಿಡಬಹುದು ಎಂದು ನಿಮ್ಮ ಬೈಲಾ ತೆರೆದು ಓದಿಸಿ. ಅದು ಚಿಕ್ಕ ಮೊತ್ತವೇ ಆಗಿರಲಿ. ಒಂದು ತೊಟ್ಟಿ, ನಾಲ್ಕು ಹೊಂಗೆ ಸಸಿ, ಒಂದು ಕಲ್ಲುಬೆಂಚಿಗೆ ಅದು ಸಾಕು. ಸಂಘದ ಹಣ ಹತ್ತು ರೂಪಾಯಿ ಬಿದ್ದ ಜಾಗದಲ್ಲಿ ಸಂಘದ ಮಾತಿಗೂ ಬೆಲೆ ಬರುತ್ತದೆ.

ಅಳದ ಮಗುವಿಗೆ ಹಾಲಿಲ್ಲ ಎನ್ನುತ್ತಾರೆ. ಹಾಲು ಕೊಡುವವರೇ ಕೇಳದೆ ಸುಮ್ಮನಿದ್ದರೆ? ಇಬ್ಬರ ಹೆಸರು ಆರಿಸಿ, ಅವರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಎಲ್ಲರೂ ಸಹಿ ಹಾಕಿ. ಮುಂದಿನ ಸಲ ಕೆರೆ ಬಳಿ ನಕ್ಷೆ ಹಿಡಿದು ಯಾರಾದರೂ ನಿಂತಿರುವುದು ಕಂಡರೆ ಆ ಇಬ್ಬರು ಹೋಗಿ ಕೇಳಲಿ: ಗೇಟು ಎಲ್ಲಿ ಇಡುತ್ತೀರಿ, ಎಷ್ಟು ಹೊತ್ತಿಗೆ ತೆಗೆಯುತ್ತೀರಿ, ನಮ್ಮ ಹುಲ್ಲಿನ ದಾರಿ ಯಾವುದು?